ಬುಧವಾರದ ನಡಾವಳಿ

ಬುಧವಾರ, ಗಂಟೆ ಒಂದೂ ಕಾಲು. ಶುರುವಾಗಬೇಕಿದ್ದದ್ದು ಒಂದಕ್ಕೆ.
ಕುಂಬಳೆ ಪೇಟೆಯ ಹೋಟೆಲಿನ ಮಹಡಿ. ಫ್ಯಾನು ಎರಡು,
ಒಂದು ತಿರುಗುತ್ತದೆ, ಇನ್ನೊಂದು ಯೋಚಿಸುತ್ತದೆ.
ಹಾಜರಿ ಹದಿನಾಲ್ಕು. ರಜೆ ಕೇಳಿದವರು ಮೂವರು.
ಕೇಳದೆ ತಪ್ಪಿಸಿಕೊಂಡವರ ಹೆಸರು ನಾನು ಬರೆಯುವುದಿಲ್ಲ,
ನಾಳೆ ಬಸ್ಸಿನಲ್ಲಿ ಅವರ ಪಕ್ಕವೇ ಕೂರಬೇಕು.

ಹಿಂದಿನ ವಾರದ್ದನ್ನು ಕನ್ನಡದಲ್ಲಿ ಓದಿದೆ.
ನಂಬಿಯಾರರು ಮಲಯಾಳದಲ್ಲಿ ತಲೆಯಾಡಿಸಿದರು,
ಕ್ರಾಸ್ತಾ ಕೊಂಕಣಿಯಲ್ಲಿ ಕೆಮ್ಮಿದರು,
ಅಧ್ಯಕ್ಷ ಸಂಕಪ್ಪ ಆಳ್ವರು 'ಆವು' ಎಂದು ಗಂಟೆ ಬಾರಿಸಿದರು.
ಬಡಿಸುವ ಹುಡುಗ ಬಿಹಾರದವ. ಅವನಿಗೆ ನಮ್ಮೆಲ್ಲರ ಭಾಷೆಯಲ್ಲೂ
ಒಂದೊಂದೇ ಮಾತು ಬರುತ್ತದೆ:
ಸಾಕು, ಮದಿ, ಪುರೋ, ಯಾವು.

ಆಮೇಲೆ 'ಊರ ಸುದ್ದಿ, ಐದು ನಿಮಿಷ'.
ರೋಹಿಣಿ ಟೀಚರು ಕನ್ನಡಕ ಒರೆಸಿದರೆಂದರೆ ಅದು ಹತ್ತು.
ಸ್ಟೇಷನ್ನಿಗೆ ಹೊಸ ಮಾಡು ಬಂತು,
ರೈಲು ನಿಲ್ಲುವುದು ಮಾಡಿನಿಂದಾಚೆ.
ಕನ್ನಡ ಡಿವಿಷನ್ನಿನ ಒಂದನೇ ಕ್ಲಾಸಿಗೆ ಒಂಬತ್ತು ಮಕ್ಕಳು,
ಹತ್ತನೆಯದನ್ನು ಹುಡುಕಿ ಹೊರಟ ಮಾಸ್ಟರರಿಗೆ ನಾಯಿ ಕಚ್ಚಿತು.
ನಾವು ಕೊಟ್ಟ ಹೊಲಿಗೆ ಯಂತ್ರಗಳಲ್ಲಿ ಆರು ಓಡುತ್ತಿವೆ,
ಏಳನೆಯದು ಮದುವೆಯಾಗಿ ಉಪ್ಪಳಕ್ಕೆ ಹೋಯಿತು.
ಮತ್ತೆ,
ನಮ್ಮ ಕಲ್ಲು ಸಿಕ್ಕಿತು.

ಕೈಗಳು ಎಲೆಯ ಮೇಲೇ ನಿಂತವು.

ಹೆದ್ದಾರಿ ಅಗಲವಾಗುವಾಗ ಒಂದು ಬೆಳಿಗ್ಗೆ
ಜೆಸಿಬಿ ನುಂಗಿದ ಬಸ್ ತಂಗುದಾಣ,
ತೊಂಬತ್ತೆರಡರಲ್ಲಿ ಕ್ಲಬ್ಬು ಕಟ್ಟಿಸಿದ್ದು,
ಅದರ ಹಣೆಯ ಮೇಲಿದ್ದ ಬಿಳಿಕಲ್ಲು.
ಸ್ಥಾಪಕರ ಹೆಸರು ಹನ್ನೊಂದು. ಉಳಿದವರಲ್ಲಿ ಒಬ್ಬರು
ನನ್ನೆದುರೇ ಅನ್ನ ಕಲಸುತ್ತಿದ್ದಾರೆ:
ಬ್ಯಾಪ್ಟಿಸ್ಟ್ ಕ್ರಾಸ್ತಾ, ಎಂಬತ್ತಾರು.

"ಕೊಯಿಪ್ಪಾಡಿ ಕಡಪ್ಪುರದಲ್ಲಿ," ಎಂದರು ಟೀಚರು,
"ಕಮಲಾಕ್ಷಿ ಅದರ ಮೇಲೆ ಮೀನು ಕೊಯ್ಯುತ್ತಾಳೆ."

ಪೊಲೀಸಿಗೆ ದೂರು ಕೊಡುವ, ಎಂದರು ಆಳ್ವರು; ವಕೀಲರಲ್ಲವೆ.
ಮರ್ಯಾದೆಯಿಂದ ವಾಪಸು ತರುವ, ಎಂದರು ನಂಬಿಯಾರರು.
ಖಜಾಂಚಿ ಮೊಯ್ದೀನ್ ಕುಂಞಿ ಮಾತ್ರ ಕೇಳಿದರು:
"ತಂದು ಇಡುವುದೆಲ್ಲಿ? ಗೋಡೆ ಎಲ್ಲುಂಟು?"
ಎರಡನೆಯ ಫ್ಯಾನು ಇದನ್ನೇ ಯೋಚಿಸುತ್ತಿತ್ತೋ ಏನೋ.

ಅಷ್ಟರಲ್ಲಿ ಹುರಿದ ಬಂಗುಡೆ ಬಂತು.
ಎಲ್ಲಿಯದೆಂದು ಕೇಳಿದರೆ ಹುಡುಗ ಕಡಲ ಕಡೆ ಕೈ ತೋರಿಸಿದ.
ಕ್ರಾಸ್ತಾ ಮೀನನ್ನು ಮಗುಚಿ ನೋಡಿದರು,
ಬೆನ್ನ ಮೇಲೆ ತನ್ನ ಹೆಸರು ಅಚ್ಚಾಗಿದೆಯೋ ಎಂಬಂತೆ.
ಆಮೇಲೆ ತಿಂದರು. ಮುಳ್ಳು ಬಿಟ್ಟು ಎಲ್ಲ.

ಪರಿಶೀಲನೆಗೆ ಉಪಸಮಿತಿ: ಅವರು, ನಾನು, ನನ್ನ ಸ್ಕೂಟರು.

ಸಂಜೆ. ಕಮಲಾಕ್ಷಿ ಕೂತಲ್ಲಿಂದ ಏಳಲಿಲ್ಲ.
ಬಸ್ಸಿನ ಹೊಗೆ ತಿಂದು ಕಪ್ಪಾಗಿದ್ದ ಕಲ್ಲು
ದಿನಕ್ಕೆರಡು ಸಲ ನೀರು ಕಂಡು ಹಲ್ಲಿನ ಹಾಗೆ ಬೆಳ್ಳಗಿತ್ತು.
ಅಕ್ಷರಗಳು ಮೇಲೆ.
"ಬರಹ ಇದ್ದದ್ದು ಲಾಯ್ಕಾಯಿತು ಪೋಸ್ಟ್‌ಮಾಸ್ಟ್ರೆ,
ನುಣುಪು ಕಲ್ಲಿನಲ್ಲಿ ಬೂತಾಯಿ ಜಾರುತ್ತದೆ.
ಇದರಲ್ಲಿ ಹಿಡಿತ ಉಂಟು.
ಬೇಕಾದರೆ ಕೊಂಡುಹೋಗಿ. ಭಾರ ಉಂಟು, ನಾಲ್ಕು ಜನ ಬೇಕು."

ಕ್ರಾಸ್ತಾ ಕೋಲಿನ ತುದಿಯಿಂದ ಒಂದೊಂದೇ ಹೆಸರು ಮುಟ್ಟಿದರು:
ಇವ ಜಿಪುಣ. ಇವನಿಗೆ ಸಭೆಯಲ್ಲಿ ನಿದ್ದೆ.
ಇವ ನನ್ನಲ್ಲಿ ಸಾಲ ಪಡೆದವ, ಇವನಲ್ಲಿ ನಾನು.
ತನ್ನ ಹೆಸರಿಗೆ ಬಂದಾಗ ಕೋಲು ಸ್ವಲ್ಪ ತಡೆಯಿತು.
'ಕ್ರಾ'ದ ಒತ್ತಿನಲ್ಲಿ ಎರಡು ಹುರುಪೆ ಸಿಕ್ಕಿಕೊಂಡು
ಇಳಿಬಿಸಿಲಿಗೆ ಹೊಳೆಯುತ್ತಿದ್ದವು.
ಅವರು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಈ ರಾತ್ರಿ ಪುಸ್ತಕ ಬಿಡಿಸಿ ಬರೆಯುತ್ತಿದ್ದೇನೆ:
ಕಲ್ಲು ಪತ್ತೆಯಾಗಿದೆ. ಒಡೆದಿಲ್ಲ.
ಸದ್ಯ ಸೇವೆಯಲ್ಲಿದೆ.
ಉಪಸಮಿತಿಯ ಖರ್ಚು, ಬೂತಾಯಿ ಅರ್ಧ ಕಿಲೋ, ರೂಪಾಯಿ ಎಂಬತ್ತು;
ಖಜಾಂಚಿಯವರ ಆಕ್ಷೇಪವಿದೆ,
ಮುಂದಿನ ಬುಧವಾರಕ್ಕೆ.